ಎದ್ದು ಹೋಗೋಕೆ ಬಿಡುವ ಆಟಗಳು

ತಲೆ ಹಗುರ ಮಾಡಿಕೊಳ್ಳೋಕೆ ಅಂತ ನಮ್ಮ ಓರಗೆಯವರು ಆಡುವ ವಿಡಿಯೋ ಗೇಮ್‌ಗಳನ್ನು ಒಮ್ಮೆ ನೋಡಿ. ಒಂದರಲ್ಲಿ ತರಕಾರಿ ಗಿಡಕ್ಕೆ ನೀರು ಹಾಕಬೇಕು. ಒಂದರಲ್ಲಿ ಕೆಸರು ಮೆತ್ತಿದ ವ್ಯಾನ್ ತೊಳೆಯಬೇಕು. ಒಂದರಲ್ಲಿ ಮನೆ ಬದಲಾಯಿಸಿದ ಮೇಲೆ ಡಬ್ಬ ಬಿಚ್ಚಿ ಪಾತ್ರೆ ಪುಸ್ತಕ ಜೋಡಿಸಬೇಕು. ಇನ್ನೊಂದರಲ್ಲಿ ಸರಕು ಹೇರಿಕೊಂಡು ಯುರೋಪಿನ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಲಾರಿ ಓಡಿಸಬೇಕು. ಯುದ್ಧ ಇಲ್ಲ, ಗುಂಡೇಟು ಇಲ್ಲ, ನಿಜ. ಆದರೆ ಆಟ ಎಲ್ಲಿದೆ? ಇವೆಲ್ಲ ಕೆಲಸಗಳೇ. ಅದೂ ಮನೆಯಲ್ಲಿ ಯಾರಾದರೂ ಹೇಳಿದರೆ "ಭಾನುವಾರ ಮಾಡ್ತೀನಿ ಬಿಡಿ" ಅಂತ ಮುಂದೂಡುವಂಥ ಕೆಲಸಗಳು. ಹತ್ತು ಗಂಟೆ ಆಫೀಸಿನಲ್ಲಿ ದುಡಿದು, ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ ಕೂತು, ಮನೆಗೆ ಬಂದು ಊಟ ಮುಗಿಸಿ, ಕೈಯಿಂದ ದುಡ್ಡು ಕೊಟ್ಟು ಮತ್ತೆ ಕೆಲಸಕ್ಕೆ ಕೂರುತ್ತೇವೆ. ಇದಕ್ಕೆ ವಿಶ್ರಾಂತಿ ಅಂತ ಹೆಸರು.

ಇಂಗ್ಲಿಷಿನವರು ಇವನ್ನು ಕೋಜಿ ಗೇಮ್ಸ್ ಅನ್ನುತ್ತಾರೆ. ಜಡಿಮಳೆ ಹೊತ್ತಿನಲ್ಲಿ ಕಂಬಳಿ ಹೊದ್ದು ಕೂತಂಥ ಆಟ ಅಂತ ಇಟ್ಟುಕೊಳ್ಳಿ. ಈ ಹೆಸರಿನ ಮೇಲೆ ನನಗೊಂದು ತಕರಾರಿದೆ. ಆಟದ ಬಣ್ಣ ಎಂಥದ್ದು, ಸಂಗೀತ ಎಂಥದ್ದು, ಕೋಳಿಮರಿ ಎಷ್ಟು ಮುದ್ದಾಗಿದೆ ಅನ್ನೋದೆಲ್ಲ ಆ ಹೆಸರಿನಿಂದ ಗೊತ್ತಾಗುತ್ತದೆ. ಆಡಿ ಎದ್ದವರ ತಲೆ ಹಗುರಾಯಿತೋ ಇಲ್ಲವೋ ಅನ್ನೋದು ಗೊತ್ತಾಗುವುದಿಲ್ಲ. ಕೆಲವು ವರ್ಷಗಳಿಂದ ಇಂಥ ಆಟಗಳನ್ನು ಆಡುತ್ತಾ ಬಂದ ಮೇಲೆ ನಾನು ಇವಕ್ಕೆ ಬೇರೆ ಅಳತೆಗೋಲು ಇಟ್ಟುಕೊಂಡಿದ್ದೇನೆ. ಆಟ ನನ್ನನ್ನು ಸಲೀಸಾಗಿ ಎದ್ದು ಹೋಗೋಕೆ ಬಿಡುತ್ತದೆಯೇ ಅಂತ ನೋಡುತ್ತೇನೆ. ಹೀಗೆ ಅಳೆದರೆ ಜಗತ್ತೆಲ್ಲ ಮೆಚ್ಚಿದ ಒಂದು ಆಟ ಕೆಳಗಿಳಿಯುತ್ತದೆ, ಎರಡು ಗಂಟೆಯಲ್ಲಿ ಮುಗಿದುಹೋಗುವ ಒಂದು ಪುಟ್ಟ ಆಟ ಮೇಲೇರುತ್ತದೆ.

ಮೊದಲು ತೊಳೆಯುವ ಆಟ. ಹೆಸರು ಪವರ್‌ವಾಶ್ ಸಿಮ್ಯುಲೇಟರ್. ಇಂಗ್ಲೆಂಡಿನ ಫ್ಯೂಚರ್‌ಲ್ಯಾಬ್ ಅನ್ನೋ ಕಂಪನಿ ಮಾಡಿದ್ದು, 2022ರ ಜುಲೈನಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆಯಾಯಿತು. ಮಕಿಂಗ್‌ಹ್ಯಾಮ್ ಅಂತೊಂದು ಕಲ್ಪಿತ ಊರು, ಹೆಸರಲ್ಲೇ ಕೊಳಕಿದೆ. ನಿಮ್ಮ ಕೈಯಲ್ಲೊಂದು ಪ್ರೆಶರ್ ವಾಶರ್. ನಮ್ಮಲ್ಲಿ ಗಾಡಿಗೆ ವಾಟರ್ ಸರ್ವಿಸ್ ಮಾಡುವ ಕಡೆ ಇರುತ್ತಲ್ಲ, ಆ ಥರದ್ದು. ವ್ಯಾನ್, ಹಿತ್ತಲು, ಮಕ್ಕಳು ಆಡುವ ಜಾಗ, ಮನೆಗಳು, ಹೀಗೆ ಒಂದೊಂದಾಗಿ ತೊಳೆಯುತ್ತಾ ಹೋಗಬೇಕು. ಮುಖ್ಯ ಆಟದಲ್ಲಿ ಗಡಿಯಾರ ಇಲ್ಲ, ಸೋಲು ಇಲ್ಲ. ನೀರಿನ ಧಾರೆ ಹೋದಲ್ಲೆಲ್ಲ ಕಪ್ಪು ಹೋಗಿ ಒಂದು ಪಟ್ಟೆ ಬೆಳ್ಳಗಾಗುತ್ತದೆ. ಬಾಗಿಲಿನ ಹಿಡಿಯೋ ಚಕ್ರದ ರಿಮ್ಮೋ ಪೂರ್ತಿ ಆದ ಕೂಡಲೇ "ಟಿಣ್" ಅಂತ ಒಂದು ಸದ್ದು, ಆ ಭಾಗ ಒಮ್ಮೆ ಮಿಂಚುತ್ತದೆ. ಇಷ್ಟೇ ಆಟ. ಓದಿದರೆ ಹುಚ್ಚುತನ ಅನ್ನಿಸುತ್ತದೆ, ಆಡಿದರೆ ಆ "ಟಿಣ್" ಎಷ್ಟು ಹಿತ ಅಂತ ಗೊತ್ತಾಗುತ್ತದೆ.

ಊರಿಂದ ಬಂದಿದ್ದ ಅಮ್ಮ ಒಂದು ಸಂಜೆ ನನ್ನ ಹಿಂದೆ ನಿಂತು ಎರಡು ನಿಮಿಷ ಇದನ್ನು ನೋಡಿದಳು. "ಸಿಂಕಲ್ಲಿ ಪಾತ್ರೆ ಹಾಗೇ ಬಿದ್ದಿದೆ, ಇಲ್ಲಿ ಯಾರದೋ ಗಾಡಿ ತೊಳೀತಾ ಕೂತಿದೀಯಲ್ಲ ಮಾರಾಯ" ಅಂದು ಒಳಗೆ ಹೋದಳು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ. ಯಾಕೆಂದರೆ ಇಡೀ ವಿಷಯ ಅದರಲ್ಲಿದೆ. ಪಾತ್ರೆಯನ್ನು ಇವತ್ತು ತೊಳೆದರೆ ನಾಳೆ ಬೆಳಿಗ್ಗೆ ಅದು ಮತ್ತೆ ಸಿಂಕಲ್ಲಿ ಇರುತ್ತದೆ. ವ್ಯಾನ್ ಹಾಗಲ್ಲ, ಒಮ್ಮೆ ತೊಳೆದರೆ ತೊಳೆದದ್ದೇ. ಶೇಕಡಾ ನೂರು ಅಂತ ಪರದೆ ಮೇಲೆ ಬಂದ ಮೇಲೆ ಯಾರೂ ಬಂದು "ಸ್ವಲ್ಪ ಇನ್ನೊಮ್ಮೆ ನೋಡ್ತೀರಾ" ಅನ್ನುವುದಿಲ್ಲ. ನಮ್ಮ ಕಚೇರಿಗಳಲ್ಲಿ ಶುಕ್ರವಾರ ಮುಚ್ಚಿದ ಟಿಕೆಟ್ ಸೋಮವಾರ ತೆರೆದುಕೊಂಡಿರುತ್ತದೆ. ಫೈನಲ್ ಅಂತ ಹೆಸರಿಟ್ಟ ಪಿಪಿಟಿಗೆ ಫೈನಲ್-2, ಫೈನಲ್-3 ಅಂತ ಮರಿಗಳು ಹುಟ್ಟುತ್ತವೆ. ನಮಗೆ ಸುಸ್ತಾಗೋದು ಕೆಲಸದಿಂದಲ್ಲ, ಮುಗಿಯದಿರುವುದರಿಂದ ಅನ್ನೋದನ್ನು ಈ ತೊಳೆಯುವ ಆಟ ಮಾಡಿದವರು ಸರಿಯಾಗಿ ಹಿಡಿದಿದ್ದಾರೆ.

ಈ ಆಟದ ಬಗ್ಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಮಾಡಿದ್ದಾರೆ. ಆಟದ ಒಂದು ವಿಶೇಷ ಆವೃತ್ತಿ ತಯಾರಾಯಿತು. ಜನ ಮನೆಯಲ್ಲಿ ಎಂದಿನಂತೆ ಆಡುತ್ತಿರುವಾಗಲೇ ನಡುನಡುವೆ "ಈಗ ಹೇಗನ್ನಿಸ್ತಿದೆ?" ಅಂತ ಅದು ಕೇಳುತ್ತಿತ್ತು. 39 ದೇಶಗಳ 8,695 ಮಂದಿಯ ಉತ್ತರಗಳನ್ನು ಲೆಕ್ಕ ಹಾಕಿದಾಗ ಸುಮಾರು ಶೇ. 72ರಷ್ಟು ಜನರ ಮನಸ್ಸು ಆಡುತ್ತಾ ಆಡುತ್ತಾ ಚೂರು ಮೇಲಕ್ಕೆ ಬಂದಿತ್ತು. ಚೂರೇ, ದೊಡ್ಡ ಬದಲಾವಣೆಯೇನಲ್ಲ. ಇದನ್ನು ಔಷಧಿ ಅಂತ ಯಾರೂ ತಿಳಿಯಬೇಕಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಂಗತಿ: ಬಂದ ಲಾಭದ ಬಹುಪಾಲು ಮೊದಲ 15 ನಿಮಿಷದಲ್ಲೇ ಬಂದಿತ್ತು.

ಹದಿನೈದು ನಿಮಿಷ. ಆಫೀಸಿನಲ್ಲಿ ಕೆಳಗಿಳಿದು ಒಂದು ಬೈಟು ಕಾಫಿ ಕುಡಿದು ಬರುವಷ್ಟು ಹೊತ್ತು. ಹಾಗಾದರೆ ಉಳಿದ ಎರಡು ಗಂಟೆ ನಾವು ಯಾತಕ್ಕೆ ಕೂತಿರುತ್ತೇವೆ?

ಪವರ್‌ವಾಶ್‌ನ ಮಟ್ಟಿಗೆ ಈ ಪ್ರಶ್ನೆಗೆ ಅಷ್ಟೇನೂ ಕುತ್ತಿಲ್ಲ. ಅರ್ಧ ತೊಳೆದ ವ್ಯಾನನ್ನು ಅಲ್ಲೇ ಬಿಟ್ಟು ಎದ್ದರೆ ಮುಂದಿನ ವಾರ ಅದು ಅರ್ಧ ತೊಳೆದಂತೆಯೇ ಕಾಯುತ್ತಿರುತ್ತದೆ. ಏನೂ ಬಾಡುವುದಿಲ್ಲ, ಯಾರೂ ಮುನಿಸಿಕೊಳ್ಳುವುದಿಲ್ಲ. ನನಗಿರುವ ದೂರು ಸಣ್ಣದು. ಮುಂದೆ ಮುಂದೆ ಬರುವ ಕೆಲಸಗಳು ಅತಿ ದೊಡ್ಡವು, ಕೊನೆಯ ಕೊಳೆಯ ಚುಕ್ಕೆಗೋಸ್ಕರ ಸಂದಿಗೊಂದಿ ಹುಡುಕುವಾಗ ಹಿತ ಹೋಗಿ ಹಟ ಬರುತ್ತದೆ. ಗಿರಾಕಿಗಳ ಮೆಸೇಜುಗಳಲ್ಲಿ ಒಂದು ತಲೆಹರಟೆ ಕತೆಯೂ ಸಾಗುತ್ತದೆ, ಇಲ್ಲದಿದ್ದರೂ ನಡೆಯುತ್ತಿತ್ತು.

ಈಗ ಎಲ್ಲರ ಅಚ್ಚುಮೆಚ್ಚಿನ ಆಟಕ್ಕೆ ಬರೋಣ. ಸ್ಟಾರ್ಡ್ಯೂ ವ್ಯಾಲಿ. ಎರಿಕ್ ಬರೋನ್ ಅನ್ನೋ ಒಬ್ಬನೇ ಮನುಷ್ಯ ಸಿಯಾಟಲ್‌ನಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಕೋಡು, ಚಿತ್ರ, ಸಂಗೀತ, ಮಾತು ಎಲ್ಲವನ್ನೂ ತಾನೇ ಮಾಡಿ 2016ರ ಫೆಬ್ರವರಿ 26ರಂದು ಹೊರತಂದ ಆಟ. ಆ ದಿನಗಳಲ್ಲಿ ಆತ ಖರ್ಚಿಗಾಗಿ ಒಂದು ಥಿಯೇಟರಿನಲ್ಲಿ ಜನರಿಗೆ ಸೀಟು ತೋರಿಸುವ ಕೆಲಸವನ್ನೂ ಮಾಡುತ್ತಿದ್ದ. 2024ರ ಕೊನೆಯ ಹೊತ್ತಿಗೆ ಆಟದ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಒಬ್ಬನೇ ಕೂತು ಇಷ್ಟು ತುಂಬಿದ ಊರನ್ನು ಕಟ್ಟಿದ್ದು ಸಾಮಾನ್ಯ ಸಾಧನೆ ಅಲ್ಲ. ಮುಂದೆ ನಾನು ಏನೇ ಹೇಳಿದರೂ ಈ ಮಾತು ಹಾಗೇ ನಿಲ್ಲಲಿ.

ಕತೆ ಶುರುವಾಗೋದು ಸಾವಿನ ಹಾಸಿಗೆಯಲ್ಲಿರುವ ತಾತನಿಂದ. ಬದುಕಿನ ಭಾರ ತಡೆಯಲಾರದ ದಿನ ತೆರೆದು ನೋಡು ಅಂತ ಹೇಳಿ ಒಂದು ಲಕೋಟೆ ಕೊಡುತ್ತಾನೆ. ವರ್ಷಗಳ ನಂತರ ನೀವು ಜೋಜಾ ಅನ್ನೋ ಕಾರ್ಪೊರೇಷನ್ನಿನಲ್ಲಿ ಸಾಲುಸಾಲು ಕ್ಯುಬಿಕಲ್‌ಗಳ ನಡುವೆ ಕೂತಿರುತ್ತೀರಿ. ಅಲ್ಲೊಂದು ಕ್ಯುಬಿಕಲ್‌ನಲ್ಲಿ ಅಸ್ಥಿಪಂಜರವೇ ಕೆಲಸದ ಮೇಜಿಗೆ ಕೂತಿದೆ! ಡ್ರಾಯರ್ ಎಳೆದು ಲಕೋಟೆ ಒಡೆಯುತ್ತೀರಿ. ಒಳಗಿರೋದು ಪೆಲಿಕನ್ ಟೌನ್ ಅನ್ನೋ ಹಳ್ಳಿಯ ಹತ್ತಿರ ತಾತ ಬಿಟ್ಟುಹೋದ ಜಮೀನಿನ ಪತ್ರ. ಬಸ್ ಹತ್ತುತ್ತೀರಿ.

ಬೆಂಗಳೂರಿನಲ್ಲಿ ಕೂತು ಇದನ್ನು ನೋಡಿದವರಿಗೆ ಮೈ ಜುಂ ಅನ್ನದೇ ಇರುತ್ತದೆಯೇ? ನಮ್ಮಲ್ಲಿ ಅರ್ಧ ಜನರ ಮನಸ್ಸಿನೊಳಗೆ ಈ ರಾಜೀನಾಮೆ ಪತ್ರ ಬರೆದು ಇಟ್ಟಾಗಿದೆ, ತಾರೀಖು ಮಾತ್ರ ಹಾಕಿಲ್ಲ. ಇನ್ನೆರಡು ವರ್ಷ, ಲೋನ್ ಮುಗೀಲಿ, ಆಮೇಲೆ ಊರಿಗೆ ಹೋಗಿ ತೋಟ ಮಾಡ್ತೀನಿ. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು, ಮೀನು ಹಿಡಿಯುತ್ತಾ, ಹಕ್ಕಿಗಳ ಫೋಟೋ ತೆಗೆಯುತ್ತಾ, ಬರೆಯುತ್ತಾ ಇದ್ದ ತೇಜಸ್ವಿಯವರ ಚಿತ್ರ ಎಷ್ಟು ಜನ ಕನ್ನಡದ ಇಂಜಿನಿಯರುಗಳ ಸೋಮವಾರಗಳನ್ನು ಹಾಳು ಮಾಡಿದೆಯೋ! (ತೇಜಸ್ವಿಯವರ ತಪ್ಪೇನಿಲ್ಲ ಬಿಡಿ.) ಸ್ಟಾರ್ಡ್ಯೂ ಆ ಕನಸನ್ನು ಒಂದೂಟದ ಬೆಲೆಗೆ ಕೈಗೆ ಕೊಡುತ್ತದೆ.

ಆ ಕನಸಿನ ಕೃಷಿ ಎಂಥದ್ದು? ಪಾರ್ಸ್‌ನಿಪ್ ಅಂತ ಮೂಲಂಗಿಯಂಥ ಒಂದು ಗೆಡ್ಡೆ. ಅಂಗಡಿಯಲ್ಲಿ ಬೀಜಕ್ಕೆ 20 ನಾಣ್ಯ, ನಾಲ್ಕು ದಿನ ನೀರು ಹಾಕಿದರೆ ಬೆಳೆ, ಮಾರಿದರೆ 35. ಒಂದು ಬೆಳೆದರೂ 35, ಸಾವಿರ ಬೆಳೆದರೂ ತಲಾ 35. ಊರವರೆಲ್ಲ ಟೊಮ್ಯಾಟೊ ಹಾಕಿ ಬೆಲೆ ನೆಲ ಕಚ್ಚಿತು ಅನ್ನೋ ಮಾತೇ ಇಲ್ಲ. ಕೋಲಾರದ ರೈತರು ಇದನ್ನು ಕೇಳಿದರೆ ಪೆಲಿಕನ್ ಟೌನಿಗೆ ಗುಳೆ ಹೊರಟಾರು. ಮಳೆ ಬಂದ ದಿನ ಆಟದಲ್ಲಿ ಹಬ್ಬ, ಯಾಕಂದ್ರೆ ನೀರು ಹಾಕುವ ಕೆಲಸ ಇಲ್ಲ. ಇದನ್ನು ಅಮ್ಮನಿಗೆ ವಿವರಿಸಿದೆ. "ಮಳೆ ಹಿಡಿದ್ರೆ ಕೊಳೆ ಔಷಧಿ ಹೊಡೆಸೋದು ಬೇಡ್ವಾ ಅವರಿಗೆ?" ಅಂತ ಕೇಳಿದಳು. ಅಡಿಕೆ ಬೆಳೆಯುವ ಮನೆಯವರಿಗೆ ಮಳೆಗಾಲ ಅಂದರೆ ಕೊಳೆರೋಗದ ಕಾಲ. ಮಳೆ ನಡುವೆ ಒಂದು ಹೊಳವು ಸಿಗಬೇಕು, ಮರ ಹತ್ತುವ ಕೊನೆಗೌಡ ಸಿಗಬೇಕು, ಎರಡೂ ಒಂದೇ ದಿನ ಸಿಗಬೇಕು. ಸ್ಟಾರ್ಡ್ಯೂದಲ್ಲಿ ಬೆಳೆಗೆ ರೋಗವಿಲ್ಲ. ಕಾಗೆ ಬರುತ್ತದೆ, ಒಂದು ಬೆರ್ಚಪ್ಪ ನಿಲ್ಲಿಸಿದರೆ ಆಯಿತು.

ಇದನ್ನು ನಾನು ಆಟದ ಕೊರತೆ ಅಂತ ಹೇಳುತ್ತಿಲ್ಲ. ಕೃಷಿ ಕಲಿಯೋಕೆ ಯಾರೂ ಇದನ್ನು ಆಡುವುದಿಲ್ಲ. ಪಟ್ಟ ಶ್ರಮಕ್ಕೆ ತಕ್ಕ ಫಲ ಬಂದೇ ಬರುತ್ತದೆ ಅನ್ನೋ ಒಂದು ಲೋಕದಲ್ಲಿ ಒಂದಷ್ಟು ಹೊತ್ತು ಇದ್ದು ಬರೋಕೆ ಆಡುತ್ತೇವೆ. ವರ್ಷವಿಡೀ ಕತ್ತೆ ಥರ ದುಡಿದು ಕೊನೆಗೆ ಬೆಲ್ ಕರ್ವ್ ಅಂತ ಹೇಳಿಸಿಕೊಂಡು ಬಂದವರಿಗೆ ಆ ಪಾರ್ಸ್‌ನಿಪ್ಪಿನ 35 ನಾಣ್ಯದಲ್ಲಿ ಒಂದು ನ್ಯಾಯ ಕಾಣುತ್ತದೆ.

ನನ್ನ ಜಗಳ ಇರೋದು ಗಡಿಯಾರದ ಜೊತೆ.

ಸ್ಟಾರ್ಡ್ಯೂದ ದಿನ ಬೆಳಿಗ್ಗೆ ಆರಕ್ಕೆ ಶುರು, ರಾತ್ರಿ ಎರಡಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಹಾಸಿಗೆ ಸೇರದಿದ್ದರೆ ನಿಂತಲ್ಲೇ ಕುಸಿದು ಬೀಳುತ್ತೀರಿ, ಕೈಲಿದ್ದ ದುಡ್ಡಿನಲ್ಲೂ ಸ್ವಲ್ಪ ಹೋಗುತ್ತದೆ. ಈ ಇಪ್ಪತ್ತು ಗಂಟೆಯ ದಿನ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಅದರಲ್ಲೇ ಗಿಡಕ್ಕೆ ನೀರು, ಕೋಳಿಗೆ ಮೇವು, ಗಣಿಗೆ ಒಂದು ಸುತ್ತು, ಐದು ಗಂಟೆಗೆ ಬಾಗಿಲು ಹಾಕುವ ಪಿಯರ್‌ನ ಅಂಗಡಿ (ಬುಧವಾರ ರಜೆ, ಮರೆತು ಹೋಗಿ ಬಾಗಿಲ ಮುಂದೆ ನಿಂತವರ ಸಂಕಟ ನನಗೆ ಗೊತ್ತು), ಯಾರದೋ ಹುಟ್ಟುಹಬ್ಬದ ಉಡುಗೊರೆ. ಶಕ್ತಿಯ ಪಟ್ಟಿ ಒಂದು ಕಡೆ ಇಳಿಯುತ್ತಾ ಇರುತ್ತದೆ. ಒಂದು ಋತುವಿಗೆ 28 ದಿನ. 28ನೇ ರಾತ್ರಿ ಕಳೆದರೆ ಆ ಋತುವಿನ ಬೆಳೆಗಳೆಲ್ಲ ಒಣಗಿ ನಿಲ್ಲುತ್ತವೆ. ಇದನ್ನು ನಮ್ಮ ಭಾಷೆಯಲ್ಲಿ ಹೇಳಬೇಕಾ? ಸ್ಪ್ರಿಂಟು, ಡೆಡ್‌ಲೈನು. ದಿನದ ಕೊನೆಗೆ ನೀವು ಮಲಗಿದ ಕೂಡಲೇ ಪರದೆ ಮೇಲೆ ಏನು ಬರುತ್ತದೆ ಗೊತ್ತಾ? ಕನಸಲ್ಲ, ಲೆಕ್ಕಪತ್ರ. ಕೃಷಿಯಿಂದ ಇಷ್ಟು, ಮೀನಿನಿಂದ ಇಷ್ಟು, ಗಣಿಯಿಂದ ಇಷ್ಟು, ಒಟ್ಟು ಇಷ್ಟು.

ಜೋಜಾ ಕಂಪನಿಯಿಂದ ತಪ್ಪಿಸಿಕೊಂಡು ಬಂದವನು ಎರಡನೇ ವರ್ಷದ ಹೊತ್ತಿಗೆ ತಾನೇ ಒಂದು ಜೋಜಾ ಆಗಿರುತ್ತಾನೆ. ಒಂದಕ್ಕೆ 24 ಚೌಕ ನೀರುಣಿಸುವ ಇರಿಡಿಯಂ ಸ್ಪ್ರಿಂಕ್ಲರ್‌ಗಳನ್ನು ಹೇಗೆ ಜೋಡಿಸಿದರೆ ಒಂದಿಂಚೂ ವ್ಯರ್ಥವಾಗುವುದಿಲ್ಲ, ಯಾವ ಹಣ್ಣಿನ ವೈನ್ ಮಾಡಿದರೆ ದಿನಕ್ಕೆ ಎಷ್ಟು ಲಾಭ ಅಂತ ತಲೆ ಓಡತೊಡಗುತ್ತದೆ. ನನ್ನ ಹಿಂದಿನ ಟೀಮಿನ ಗೆಳೆಯನೊಬ್ಬ ಇದಕ್ಕೆಂದೇ ಎಕ್ಸೆಲ್ ಶೀಟ್ ಮಾಡಿಕೊಂಡಿದ್ದ. ಪಿವಟ್ ಟೇಬಲ್ ಸಮೇತ. "ಇದು ರಿಲ್ಯಾಕ್ಸ್ ಆಗೋಕೆ ಗುರು" ಅನ್ನುತ್ತಿದ್ದ, ಮುಖದಲ್ಲಿ ನಗು ಇರಲಿಲ್ಲ.

ಆಟದ ಅಭಿಮಾನಿಗಳು ಇದಕ್ಕೆ ಕೊಡುವ ಉತ್ತರ ನನಗೆ ಗೊತ್ತು. ಆಟ ಯಾರನ್ನೂ ಹಾಗೆ ಆಡಿ ಅಂತ ಒತ್ತಾಯಿಸಿಲ್ಲ, ನೀವು ನಿಮ್ಮ ಆಫೀಸನ್ನು ತಲೆಯಲ್ಲಿ ಹೊತ್ತುಕೊಂಡು ಬಂದಿರಿ, ದಿನವಿಡೀ ಹೊಳೆ ದಂಡೆಯಲ್ಲಿ ಕೂತು ಮೀನು ಹಿಡಿದರೂ ಯಾರೂ ಕೇಳುವುದಿಲ್ಲ ಅಂತ. ಈ ಮಾತಿನಲ್ಲಿ ಅರ್ಧ ನಿಜ ಇದೆ. ಊರ ಹೊರಗೆ ಡೇರೆ ಹಾಕಿಕೊಂಡು ಯಾರ ಹಂಗೂ ಇಲ್ಲದೆ ಬದುಕುವ ಲೈನಸ್ ಅನ್ನೋ ಮುದುಕನನ್ನು ಇದೇ ಆಟ ಗೌರವದಿಂದ ಚಿತ್ರಿಸಿದೆ. ಜೋಜಾ ಮಾರ್ಟಿನಲ್ಲಿ ಸಾಮಾನು ಜೋಡಿಸಿ, ಸಂಜೆ ಕುಡಿದು, ಕೋಳಿಗಳ ಜೊತೆ ಮಾತ್ರ ಮನಸ್ಸು ಬಿಚ್ಚುವ ಶೇನ್‌ನ ಕತೆಯಂತೂ ಯಾವ ಒಳ್ಳೆಯ ಸಣ್ಣಕತೆಗೂ ಕಡಿಮೆ ಇಲ್ಲ. ಮಳೆಯಲ್ಲಿ ಬಂಡೆಯ ಅಂಚಿಗೆ ಬಂದು ಬಿದ್ದಿರುವ ಅವನನ್ನು ನೀವು ಕಾಣುವ ದೃಶ್ಯ ಇದೆಯಲ್ಲ, ಅದನ್ನು ನೋಡಿದ ರಾತ್ರಿ ನಾನು ಲಾಭದ ಲೆಕ್ಕ ಮಾಡಲಿಲ್ಲ.

ಆದರೆ ಅದೇ ಆಟ ಮೂರನೇ ವರ್ಷದ ಮೊದಲ ದಿನ ಸತ್ತ ತಾತನನ್ನು ದೆವ್ವವಾಗಿ ವಾಪಸ್ ಕರೆತರುತ್ತದೆ. ಯಾಕೆ? ನಿಮ್ಮ ಎರಡು ವರ್ಷದ ಸಾಧನೆ ಅಳೆಯೋಕೆ! ಒಟ್ಟು 21 ಅಂಕ, ಅದರಲ್ಲಿ 7 ಅಂಕ ನೀವು ದುಡಿದ ಹಣಕ್ಕೆ. ಅಂಕಕ್ಕೆ ತಕ್ಕ ಹಾಗೆ ಒಂದರಿಂದ ನಾಲ್ಕು ದೀಪ ಹತ್ತುತ್ತವೆ. ಭಾರ ತಡೆಯಲಾರದ ದಿನಕ್ಕೆ ಅಂತ ಲಕೋಟೆ ಕೊಟ್ಟ ತಾತನೇ ಅಪ್ರೈಸಲ್‌ಗೆ ಬಂದು ಕೂರುತ್ತಾನೆ ಅಂದರೆ ನಮ್ಮ ತಲೆಯನ್ನಷ್ಟೇ ದೂರಿ ಏನು ಪ್ರಯೋಜನ? ಆಟವೇ ಆ ಕಡೆ ವಾಲಿಕೊಂಡಿದೆ.

ಎಲ್ಲಕ್ಕಿಂತ ದೊಡ್ಡ ಆಕ್ಷೇಪ ಬಾಗಿಲಿನದು. ಕಂಪ್ಯೂಟರಿನಲ್ಲಿ ಆಡುವಾಗ ಆಟ ಸೇವ್ ಆಗೋದು ನೀವು ಮಲಗಿದಾಗ ಮಾತ್ರ. ಮಧ್ಯಾಹ್ನ ಎದ್ದು ಹೋದರೆ ಆ ದಿನ ಲೆಕ್ಕಕ್ಕಿಲ್ಲ. ಸರಿ, ಮಲಗಿಯೇ ಏಳೋಣ ಅಂತ ಮಲಗಿಸಿದರೆ, ಲೆಕ್ಕಪತ್ರ ಮುಗಿದದ್ದೇ ತಡ ಕೋಳಿ ಕೂಗಿ ಮರುದಿನ ಬೆಳಗಾಗಿರುತ್ತದೆ. ನೆಟ್ಟದ್ದು ಒಂದು ಚಿಗುರಿದೆ, ಅಂಚೆ ಡಬ್ಬದಲ್ಲೊಂದು ಕಾಗದ ಬಂದಿದೆ. ಹೊರಗೆ ಹೋಗುವ ಬಾಗಿಲು ತೆರೆದರೆ ಅದು ಒಳಗೆ ಬರುವ ಬಾಗಿಲು. ಬರೀ 14 ನಿಮಿಷ, ಇನ್ನೊಂದೇ ಒಂದು ದಿನ. ಐದು ಸಲ ಹೀಗಂದರೆ ಒಂದು ಗಂಟೆ ಮೇಲೆ ಹತ್ತು ನಿಮಿಷ ಆಯಿತು. ಪರದೆಯೊಳಗಿನ ಮನುಷ್ಯ ಎರಡಕ್ಕೆ ಕುಸಿದು ಬೀಳುವ ಹೊತ್ತಿಗೆ ಪರದೆ ಹೊರಗೂ ಎರಡಾಗಿರುತ್ತದೆ.

ಇದನ್ನು ನಾನು ಇಷ್ಟು ಹಿಡಿದು ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲಿ ತುಂಬ ಜನಕ್ಕೆ ರಾತ್ರಿ ಹನ್ನೊಂದರ ನಂತರದ ಹೊತ್ತು ಮಾತ್ರ ತಮ್ಮದು. ಬೆಳಗು ಕ್ಯಾಬಿನದು, ಹಗಲು ಮ್ಯಾನೇಜರನದು, ಸಂಜೆ ಅಮೆರಿಕಾದವರ ಕಾಲ್‌ನದು. ಉಳಿದ ಆ ಒಂದು ತುಂಡು ಸಮಯವನ್ನು ನಿದ್ದೆಗೂ ಕೊಡೋಕೆ ಮನಸ್ಸು ಬರುವುದಿಲ್ಲ. ನಿದ್ದೆ ಮಾಡಿಬಿಟ್ಟರೆ ಸೀದಾ ನಾಳೆ ಬಂದುಬಿಡುತ್ತದಲ್ಲ! ಅಷ್ಟು ಬಡವರ ಹತ್ತಿರ ಇರುವ ಒಂದೇ ನಾಣ್ಯಕ್ಕೆ ಕೈ ಚಾಚುವ ಆಟವನ್ನು ಬೆಚ್ಚಗಿದೆ, ಮುದ್ದಾಗಿದೆ ಅಂತ ಸುಮ್ಮನೆ ಬಿಡೋಕಾಗುವುದಿಲ್ಲ. ಸ್ಟಾರ್ಡ್ಯೂ ಬಹಳ ಒಳ್ಳೆಯ ಆಟ. ವಿಶ್ರಾಂತಿಯ ಲೆಕ್ಕದಲ್ಲಿ ಅದು ಇನ್ನೊಂದು ನೌಕರಿ.

ಮೆಟ್ರೋದಲ್ಲಿ ಎಡಗಡೆ ಬಲಗಡೆ ಕೂತವರೆಲ್ಲ ಆಡುವ ಕ್ಯಾಂಡಿ ಕ್ರಷ್ ಬಗ್ಗೆ ಎರಡೇ ಮಾತು. 2012ರಿಂದ ಇದೆ. ಐದು ಜೀವ ಕೊಡುತ್ತದೆ, ಹೋದ ಒಂದೊಂದು ಜೀವ ಬರೋಕೆ 30 ನಿಮಿಷ ಕಾಯಬೇಕು, ಕಾಯಲಾರದವರು ದುಡ್ಡು ಬಿಚ್ಚಬಹುದು. ಇದೂ ಎದ್ದು ಹೋಗೋಕೆ ಬಿಡುತ್ತದೆ ಅಲ್ಲವೇ ಅಂತ ನೀವು ಕೇಳಬಹುದು. ಬಿಡುತ್ತದೆ, ಕೊರಳಿಗೆ ಹಗ್ಗ ಕಟ್ಟಿ. ಅರ್ಧ ಗಂಟೆಗೊಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುವವನು ಎದ್ದು ಹೋದವನಲ್ಲ.

ಅನ್‌ಪ್ಯಾಕಿಂಗ್ ಬೇರೆಯೇ ಜಾತಿ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನ ವಿಚ್ ಬೀಮ್ ಅನ್ನೋ ತಂಡದ ಆಟ, 2021ರ ನವೆಂಬರ್‌ನಲ್ಲಿ ಬಂತು, ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯನ್ನೂ ಗೆದ್ದಿತು. ಒಬ್ಬ ಹುಡುಗಿ 1997ರಿಂದ 2018ರವರೆಗೆ ಎಂಟು ಸಲ ಮನೆ ಬದಲಾಯಿಸುತ್ತಾಳೆ. ಪ್ರತಿ ಸಲವೂ ಡಬ್ಬ ಬಿಚ್ಚಿ ಸಾಮಾನು ಜೋಡಿಸಿಡೋದು ನಿಮ್ಮ ಪಾಲಿನ ಕೆಲಸ. ಹುಡುಗಿ ಕಾಣಿಸುವುದೇ ಇಲ್ಲ. ಅವಳ ಸಾಮಾನು ಮಾತ್ರ ಕಾಣುತ್ತದೆ. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿದಾಗಲೆಲ್ಲ ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಿಗೆ ಫೋನ್ ಮಾಡುವ ನಮಗೆ ಇದು ಬಲು ಪರಿಚಿತ ನೋವು. ಆದರೂ ಈ ಆಟದಲ್ಲಿ ಒಂದೊಂದೇ ಚಮಚ, ಒಂದೊಂದೇ ಗೊಂಬೆ ತೆಗೆದು ಇಡುವಾಗ ಉಸಿರು ನಿಧಾನ ಆಗುತ್ತದೆ. ಅಡುಗೆಮನೆಯ ಕಲ್ಲಿನ ಮೇಲೆ ಇಟ್ಟರೆ ಒಂದು ಸದ್ದು, ಹಾಸಿಗೆ ಮೇಲೆ ಇಟ್ಟರೆ ಇನ್ನೊಂದು ಸದ್ದು. ಯಾರೋ ತುಂಬ ಪ್ರೀತಿಯಿಂದ ಕೂತು ಮಾಡಿದ್ದಾರೆ ಅನ್ನೋದು ಕಿವಿಗೇ ಗೊತ್ತಾಗುತ್ತದೆ.

2010ರ ಮನೆ ಅವಳ ಗೆಳೆಯನದು. ಅವನ ಸಾಮಾನು ಆಗಲೇ ಮನೆ ತುಂಬ ಇದೆ. ಅವನ ವಸ್ತುಗಳನ್ನು ಒತ್ತರಿಸಿ ಒತ್ತರಿಸಿ ಅವಳದಕ್ಕೆ ಜಾಗ ಮಾಡಬೇಕು. ಎಲ್ಲ ಇಟ್ಟಾದ ಮೇಲೆ ಕೈಯಲ್ಲಿ ಉಳಿಯೋದು ಅವಳ ಪದವಿಯ ಸರ್ಟಿಫಿಕೇಟು, ಚೌಕಟ್ಟು ಹಾಕಿಸಿದ್ದು. ಗೋಡೆಯಲ್ಲಿ ಅದಕ್ಕೆ ಜಾಗವಿಲ್ಲ. ಎಲ್ಲಿಟ್ಟರೂ ಆಟ ಒಪ್ಪುವುದಿಲ್ಲ. ಕೊನೆಗೆ ಮಂಚದ ಕೆಳಗೆ ತಳ್ಳಬೇಕು. ಒಂದೇ ಒಂದು ಮಾತಿಲ್ಲದೆ ಇಡೀ ಸಂಬಂಧದ ಹಣೆಬರಹ ಅಲ್ಲಿ ಗೊತ್ತಾಗುತ್ತದೆ. ಮುಂದಿನ ಸಲ ಡಬ್ಬ ಬಿಚ್ಚೋದು 2012ರಲ್ಲಿ, ಅಪ್ಪ ಅಮ್ಮನ ಮನೆಯ ಅದೇ ಹಳೆಯ ಕೋಣೆಯಲ್ಲಿ.

ತಲೆ ಹಗುರ ಮಾಡುವ ಆಟ ಅಂದರೆ ನೋವೇ ಇಲ್ಲದ ಆಟ ಅಂತ ಮಾರುಕಟ್ಟೆ ತಿಳಿದುಕೊಂಡಿದೆ. ಅನ್‌ಪ್ಯಾಕಿಂಗ್‌ನಲ್ಲಿ ನೋವಿದೆ, ಅದಕ್ಕೆ ಒಂದು ಕೊನೆಯೂ ಇದೆ. ಒಂದು ಮನೆ ಜೋಡಿಸಿದಿರಾ, ಮುಗಿಯಿತು, ಆಲ್ಬಮ್ಮಿನಲ್ಲಿ ಒಂದು ಫೋಟೋ. ಲ್ಯಾಪ್‌ಟಾಪ್ ಮುಚ್ಚಿ ಮಲಗಬಹುದು. ನಾಲ್ಕೈದು ಸಂಜೆಗಳಲ್ಲಿ ಇಡೀ ಆಟವೇ ಮುಗಿಯುತ್ತದೆ. ನನಗೆ ಹಿಡಿಸದೇ ಇದ್ದದ್ದು ಒಂದು. ಎಲ್ಲ ಬಿಚ್ಚಿದ ಮೇಲೆ ತಪ್ಪು ಜಾಗದಲ್ಲಿರುವ ವಸ್ತುಗಳ ಸುತ್ತ ಕೆಂಪು ಗೆರೆ ಮೂಡುತ್ತದೆ. ಯಾರ ಮನೆಯ ಪ್ರಕಾರ ತಪ್ಪು ಸ್ವಾಮಿ? ಆ ಗೆರೆ ತೆಗೆದುಹಾಕುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಆದರೆ ಅದನ್ನು ಹಾಕಿಕೊಂಡರೆ ಆ ಸರ್ಟಿಫಿಕೇಟು ಎಲ್ಲಿ ಬೇಕಾದರೂ ಕೂರುತ್ತದೆ, ಕತೆ ಹೋಯಿತು. ಹಾಗಾಗಿ ಗೆರೆಯನ್ನು ಸಹಿಸಿಕೊಳ್ಳಿ ಅಂತಲೇ ನನ್ನ ಸಲಹೆ.

ಕಡೆಯದಾಗಿ ಎ ಶಾರ್ಟ್ ಹೈಕ್. ಕೆನಡಾದ ಆಡಮ್ ರಾಬಿನ್ಸನ್-ಯು 2019ರಲ್ಲಿ ಹೊರತಂದ ಆಟ. ಮುಂದಿನ ವರ್ಷ ಸ್ವತಂತ್ರ ಆಟಗಳ ಉತ್ಸವದಲ್ಲಿ ಅತಿ ದೊಡ್ಡ ಬಹುಮಾನವೂ ಇದಕ್ಕೇ ಬಂತು. ಕ್ಲೇರ್ ಅನ್ನೋ ಒಂದು ಹಕ್ಕಿಮರಿ, ನಮ್ಮ ನಿಮ್ಮ ಥರದ ಪಟ್ಟಣದ ಹುಡುಗಿ, ರಜೆಗೆ ಅತ್ತೆಯ ಜೊತೆ ಒಂದು ದ್ವೀಪಕ್ಕೆ ಬಂದಿದ್ದಾಳೆ. ಬಹಳ ಮುಖ್ಯವಾದ ಒಂದು ಫೋನ್ ಬರಬೇಕು, ಅಲ್ಲಿ ಸಿಗ್ನಲ್ ಇಲ್ಲ. ಹಾಕ್ ಪೀಕ್ ಶಿಖರದ ತುದಿಯಲ್ಲಿ ಮಾತ್ರ ಸಿಗುತ್ತದಂತೆ. ಹೊರಡುತ್ತಾಳೆ.

ಹತ್ತೋಕೆ ಬಂಗಾರದ ಗರಿಗಳು ಬೇಕು. ಗರಿ ಹೆಚ್ಚಿದಷ್ಟೂ ಹೆಚ್ಚು ಎತ್ತರ ಜಿಗಿಯಬಹುದು, ಹೆಚ್ಚು ಹೊತ್ತು ಬಂಡೆ ಹತ್ತಬಹುದು. ಗರಿ ಹುಡುಕುತ್ತಾ ದಾರಿ ತಪ್ಪುವುದೇ ಆಟ. ಹೆಡ್‌ಬ್ಯಾಂಡ್ ಕಳೆದುಕೊಂಡು ಓಡಲಾರೆ ಅನ್ನೋ ಮೊಲ ಸಿಗುತ್ತದೆ, ಚಿತ್ರ ಬರೆಯುವವರು ಸಿಗುತ್ತಾರೆ, ಸಮುದ್ರ ದಂಡೆಯಲ್ಲಿ ಕೋಲು ಹಿಡಿದು ಚೆಂಡಾಟ ಆಡುವವರು ಸಿಗುತ್ತಾರೆ. ಯಾರಿಗೂ ಅವಸರವಿಲ್ಲ, ಮೂಲೆಯಲ್ಲಿ ಗಡಿಯಾರ ಇಲ್ಲ, ಶೇಕಡಾವಾರು ಇಲ್ಲ, ರಾತ್ರಿ ಲೆಕ್ಕಪತ್ರ ಇಲ್ಲ. ಮೀನು ಹಿಡಿಯಬೇಕು ಅನ್ನಿಸಿದರೆ ಹಿಡಿಯಬಹುದು, ಹಿಡಿಯದಿದ್ದರೆ ಏನೂ ತಪ್ಪಿಹೋಗುವುದಿಲ್ಲ. ಇಲ್ಲಿ ಬೇರೆ ಆಟಗಳ ಹಾಗೆ ಮಾಡಿ ಮುಗಿಸಬೇಕಾದ ಕೆಲಸವೇ ಇಲ್ಲ, ಕುಮಾರಪರ್ವತ ಹತ್ತಿದ ಹಾಗೆ ಒಂದು ತುದಿ ಇದೆ ಅಷ್ಟೇ. ನಾನು ಹುಡುಕುತ್ತಿದ್ದದ್ದು ಇದನ್ನೇ ಅನ್ನಿಸಿದ್ದು ಅರ್ಧ ಬೆಟ್ಟ ಹತ್ತಿದ ಮೇಲೆ.

ಆಡುವ ಯೋಚನೆ ಇರುವವರು ಇಲ್ಲಿಗೇ ನಿಲ್ಲಿಸಿ, ಮುಂದೆ ಕತೆ ಹೇಳಿಬಿಡುತ್ತೇನೆ. ಮೇಲೆ ಮೇಲೆ ಹೋದಂತೆ ಹಿಮ. ಚಳಿಗೆ ಗರಿಗಳು ಹೆಪ್ಪುಗಟ್ಟುತ್ತವೆ, ಬಳಸಿದ ಶಕ್ತಿ ತಾನಾಗಿ ಮರಳಿ ಬರುವುದಿಲ್ಲ. ಒಂದೇ ಸಲ, ಎಣಿಸಿ ಎಣಿಸಿ ಹತ್ತಬೇಕು. ತುದಿ ಮುಟ್ಟಿದ ಮೇಲೆ ಫೋನ್ ಹೊಡೆದುಕೊಳ್ಳುತ್ತದೆ. ಆ ಕಡೆ ಅಮ್ಮ. ಆಪರೇಷನ್ ಮುಗಿದಿದೆ, ಹುಷಾರಾಗಿದ್ದೇನೆ ಅನ್ನುತ್ತಾಳೆ. ಅಷ್ಟು ಹೊತ್ತು ಮೊಲ, ಮೀನು, ಚೆಂಡು ಅಂತ ಸುತ್ತಿದ ಆ ಹುಡುಗಿ ಒಳಗೆ ಏನನ್ನು ಹೊತ್ತುಕೊಂಡಿದ್ದಳು ಅಂತ ಆಗ ಗೊತ್ತಾಗುತ್ತದೆ. ಊರಲ್ಲಿ ಅಪ್ಪನಿಗೋ ಅಮ್ಮನಿಗೋ ಆಸ್ಪತ್ರೆ ಅಂತಾದಾಗ ಇಲ್ಲಿ ಮೀಟಿಂಗ್ ರೂಮಿನಲ್ಲಿ ಫೋನನ್ನು ಮಗುಚಿಟ್ಟು ಕೂತವರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾತು ಮುಗಿದ ಮೇಲೆ ಬೆಟ್ಟದ ತುದಿಯಲ್ಲಿ ಕೆಳಗಿನಿಂದ ಗಾಳಿ ಏಳುತ್ತದೆ. ಕ್ಲೇರ್ ರೆಕ್ಕೆ ಬಿಚ್ಚಿ ಆ ಗಾಳಿಗೆ ಬೀಳುತ್ತಾಳೆ. ಅರ್ಧ ದಿನ ಕಷ್ಟಪಟ್ಟು ಹತ್ತಿದ್ದೆಲ್ಲ ಕೆಳಗೆ ಪುಟ್ಟದಾಗಿ ಜಾರಿಹೋಗುತ್ತದೆ. ತೇಲಿಕೊಂಡು ಬಂದು ಅತ್ತೆಯ ಮನೆಯ ಹತ್ತಿರ ಇಳಿದು, ಅವಳ ಹತ್ತಿರ ಎರಡು ಮಾತಾಡಿದರೆ ಮಾಡಿದವರ ಹೆಸರುಗಳು ಬರುತ್ತವೆ. ಶುರು ಮಾಡಿ ಎರಡು ಗಂಟೆಯೂ ಆಗಿರುವುದಿಲ್ಲ. ಒಂಬತ್ತಕ್ಕೆ ಕೂತಿದ್ದರೆ ಹನ್ನೊಂದರೊಳಗೆ ಮಲಗಬಹುದು.